ಸ್ಕೂಟರ್ ನಿಂತರೆ ಮೊದಲೇ ಬ್ಯಾಟರಿಯನ್ನು ದೂರಬೇಡಿ: ಕರಾವಳಿಯಲ್ಲಿ ವಿದ್ಯುತ್ ಗಾಡಿಯ ದೋಷ ಹುಡುಕುವ ಬಗೆ

ಮಳೆಗಾಲದ ಬೆಳಗ್ಗೆ ಕೀ ತಿರುಗಿಸಿದರೆ ಸ್ಕೂಟರಿನಲ್ಲಿ ಜೀವವೇ ಇಲ್ಲ. ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಹಾಕಿದ್ದಾಗಿದೆ. ಅಕ್ಕಪಕ್ಕದವರು ಬಂದು ನೋಡಿ ಹೇಳುವುದು ಒಂದೇ ಮಾತು: ‘ಬ್ಯಾಟರಿ ಹೋಯ್ತು.’ ಇಡೀ ಗಾಡಿಯಲ್ಲಿ ಅತ್ಯಂತ ದುಬಾರಿ ಭಾಗ ಅದು. ಕಾರವಾರ, ಅಂಕೋಲಾ, ಕುಮಟಾ, ಶಿರಸಿಯ ರಸ್ತೆಗಳಲ್ಲಿ ಓಡುತ್ತಿರುವ ಗಾಡಿಗಳಲ್ಲಿ ಎಷ್ಟೋ ಈಗ ವಾರಂಟಿ ದಾಟಿದಂಥವು. ಹಾಗಾಗಿ ಈ ಒಂದು ಮಾತಿನ ಮೇಲೆ ಮನೆಯವರು ಸಾವಿರಾರು ರೂಪಾಯಿ ಹೊಂದಿಸಲು ಹೊರಡುತ್ತಾರೆ.

ಆದರೆ ಬ್ಯಾಟರಿಯಿಂದ ಹೊರಟ ಕರೆಂಟು ಚಕ್ರ ತಲುಪುವಷ್ಟರಲ್ಲಿ ಫ್ಯೂಸು, ಸ್ವಿಚ್ಚು, ಹತ್ತಾರು ಕನೆಕ್ಟರುಗಳನ್ನು ದಾಟಿ ಬರುತ್ತದೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಇರುವ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಆ ಜೋಡಣೆಗಳನ್ನು. ದಾರಿಯನ್ನು ಒಂದು ತುದಿಯಿಂದ ಹಿಡಿದು ಅಳೆಯುತ್ತ ಹೋದರೆ ಕೆಟ್ಟದ್ದು ಯಾವುದೆಂದು ಗಾಡಿಯೇ ತೋರಿಸಿಕೊಡುತ್ತದೆ. ಅದಕ್ಕೆ ಬೇಕಾದ ಉಪಕರಣ ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್.

ಯಾವ ಗಾಡಿಯ ವಿಷಯ ಇದು

ವಿದ್ಯುತ್ ಸ್ಕೂಟರುಗಳಲ್ಲಿ ಎರಡು ಬಗೆ. ಮೋಟರಿನ ಶಕ್ತಿ 250 ವ್ಯಾಟ್ ಮತ್ತು ವೇಗ ಗಂಟೆಗೆ 25 ಕಿಲೋಮೀಟರ್ ಮೀರದ ಗಾಡಿಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅವಕ್ಕೆ ನೋಂದಣಿಯಾಗಲಿ ಲೈಸೆನ್ಸಾಗಲಿ ಬೇಡ. ಅದಕ್ಕಿಂತ ಶಕ್ತಿಯವು ಹಸಿರು ಫಲಕದ ಮೇಲೆ ಬಿಳಿ ಅಕ್ಷರದ ನಂಬರ್ ಹೊತ್ತು ಓಡುತ್ತವೆ, ಕಾರವಾರದಲ್ಲಾದರೆ ಕೆಎ-30, ಶಿರಸಿಯಲ್ಲಾದರೆ ಕೆಎ-31.

ಇಲ್ಲಿ ಹೇಳುತ್ತಿರುವುದು ಹಿಂದಿನ ಚಕ್ರದ ಒಳಗೇ ಮೋಟರ್ ಕೂತಿರುವ, 48, 60 ಅಥವಾ 72 ವೋಲ್ಟಿನ ಸರಳ ಸ್ಕೂಟರುಗಳ ಬಗ್ಗೆ. ಮೊಬೈಲಿಗೆ ಜೋಡಿಸಿಕೊಳ್ಳುವ, ದೊಡ್ಡ ಪರದೆಯ ಹೊಸ ಗಾಡಿಗಳಲ್ಲಿಯೂ ತತ್ತ್ವ ಇದೇ. ಆದರೆ ಅವುಗಳ ಒಳಭಾಗ ಸಾಫ್ಟ್‌ವೇರಿನ ಹಿಡಿತದಲ್ಲಿರುತ್ತದೆ, ಹೊರಗಿನ ಪರೀಕ್ಷೆಗಳನ್ನಷ್ಟೇ ಮಾಡಿ ಉಳಿದದ್ದನ್ನು ಸರ್ವಿಸ್ ಸೆಂಟರಿಗೆ ಬಿಡುವುದು ಒಳ್ಳೆಯದು.

ಕರೆಂಟು ಸಾಗುವ ದಾರಿ

ಬ್ಯಾಟರಿ ಪೆಟ್ಟಿಗೆಯೊಳಗೆ ಸಣ್ಣ ಸಣ್ಣ ಸೆಲ್ಲುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಲಿಥಿಯಂ ಬ್ಯಾಟರಿಯಾದರೆ ಜೊತೆಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಸೆಲ್ ತೀರಾ ಬರಿದಾದರೆ, ಮಿತಿ ಮೀರಿ ತುಂಬಿದರೆ, ಬಿಸಿಯಾದರೆ, ಹೆಚ್ಚು ಕರೆಂಟು ಎಳೆದರೆ ಅದು ಬಾಗಿಲು ಮುಚ್ಚಿಬಿಡುತ್ತದೆ. ಪೆಟ್ಟಿಗೆಯಿಂದ ಹೊರಟ ದಪ್ಪ ತಂತಿ ಸೀಟಿನ ಕೆಳಗಿನ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್ಚು) ಅಥವಾ ಫ್ಯೂಸ್ ದಾಟಿ ಕಂಟ್ರೋಲರಿಗೆ ಹೋಗುತ್ತದೆ. ಎಕ್ಸಲರೇಟರ್ ಎಷ್ಟು ತಿರುಗಿದೆ ಎಂದು ನೋಡಿ ಮೋಟರಿಗೆ ಅಷ್ಟೇ ಕರೆಂಟು ಬಿಡುವುದು ಕಂಟ್ರೋಲರಿನ ಕೆಲಸ. ಅಲ್ಲಿಂದ ಹಳದಿ, ಹಸಿರು, ನೀಲಿ ಬಣ್ಣದ ಮೂರು ದಪ್ಪ ತಂತಿಗಳು ಮೋಟರಿಗೆ ಹೋಗುತ್ತವೆ. ಚಕ್ರ ಈಗ ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸಲು ಮೋಟರಿನೊಳಗೆ ಮೂರು ಹಾಲ್ ಸೆನ್ಸರುಗಳಿರುತ್ತವೆ, ಅವುಗಳ ತೆಳು ತಂತಿಗಳೂ ಇದೇ ಜಾಗದಿಂದ ಹೊರಬರುತ್ತವೆ.

ಇದೇ ದಾರಿಗೆ ಒಂದು ಕವಲು ಇದೆ. ಲೈಟು, ಹಾರ್ನು, ಇಂಡಿಕೇಟರ್ ಓಡುವುದು 12 ವೋಲ್ಟಿನಲ್ಲಿ. ಬ್ಯಾಟರಿಯ 60 ವೋಲ್ಟನ್ನು 12ಕ್ಕೆ ಇಳಿಸುವ ಪುಟ್ಟ ಪೆಟ್ಟಿಗೆಗೆ ಕನ್ವರ್ಟರ್ ಎನ್ನುತ್ತಾರೆ. ಗಾಡಿ ಚೆನ್ನಾಗಿಯೇ ಓಡುತ್ತ ಲೈಟು ಮಂದವಾಗಿ ಹಾರ್ನು ಕೀರಲಾದರೆ ನೋಡಬೇಕಾದದ್ದು ಇದನ್ನೇ. ಮೋಟರಿಗೂ ಬ್ಯಾಟರಿಗೂ ಆ ದೋಷದಲ್ಲಿ ಪಾಲಿಲ್ಲ.

ಈಗ ವೋಲ್ಟ್, ಆಂಪಿಯರ್, ರೋಧ ಎಂಬ ಮೂರು ಶಬ್ದಗಳು. ಅಡಿಕೆ ತೋಟಕ್ಕೆ ಮೇಲಿನ ಟಾಂಕಿಯಿಂದ ಪೈಪಿನಲ್ಲಿ ನೀರು ಬಿಡುವುದನ್ನು ನೆನೆದುಕೊಳ್ಳಿ. ಟಾಂಕಿಯ ಎತ್ತರದಿಂದ ಹುಟ್ಟುವ ಒತ್ತಡ ವೋಲ್ಟ್. ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣ ಆಂಪಿಯರ್. ಒಳಗೆ ಎಲೆ, ಕಸ ಕಟ್ಟಿಕೊಂಡ ಕಡೆ ಆಗುವ ಅಡ್ಡಿ ರೋಧ. ಕೊನೆಯ ನಲ್ಲಿ ಮುಚ್ಚಿದ್ದರೆ ಕಸ ಕಟ್ಟಿದ ಪೈಪಿನಲ್ಲೂ ಒತ್ತಡ ಎಲ್ಲ ಕಡೆ ಪೂರಾ ಇರುತ್ತದೆ. ನಲ್ಲಿ ತೆರೆದು ನೀರು ಓಡತೊಡಗಿದಾಗ ಮಾತ್ರ ಕಸದ ಆಚೆಗೆ ಒತ್ತಡ ಕುಸಿಯುತ್ತದೆ.

ದೋಷ ಹುಡುಕುವವರು ಮರೆಯಬಾರದ ಸಂಗತಿ ಇದು. ಸುಮ್ಮನೆ ನಿಂತ ಗಾಡಿಯಲ್ಲಿ ಮೀಟರ್ 62 ವೋಲ್ಟ್ ತೋರಿಸಿತು ಎಂದ ಮಾತ್ರಕ್ಕೆ ದಾರಿ ಸರಿಯಿದೆ ಎಂದಾಗುವುದಿಲ್ಲ. ಕರೆಂಟು ಓಡುವಾಗ ಅದೇ ಜಾಗದಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಕೈ ಹಾಕುವ ಮುನ್ನ

ಮನೆಯ 230 ವೋಲ್ಟಿನ ಮುಂದೆ 60 ವೋಲ್ಟ್ ಸಣ್ಣದಾಗಿ ಕಾಣುತ್ತದೆ. ಆದರೆ ಬ್ಯಾಟರಿಯ ಎರಡು ತುದಿಗಳು ಒಂದು ಸ್ಪ್ಯಾನರಿನಿಂದ ಸೇರಿಹೋದರೆ ನೂರಾರು ಆಂಪಿಯರ್ ಹರಿದು ಲೋಹವೇ ಕರಗುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿಗೆ ಆ ಬಿಡುವು ಇಲ್ಲ, ಕಿಡಿ ಹೊತ್ತಿಕೊಂಡೇ ಇರಬಲ್ಲದು. ಕೆಟ್ಟ ಎಂಸಿಬಿಯ ಜಾಗಕ್ಕೆ ಮನೆಗೆ ಹಾಕುವ ಸಾಮಾನ್ಯ ಎಂಸಿಬಿ ಕೂರಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಕೈಯ ಉಂಗುರ, ಬಳೆ, ಲೋಹದ ಗಡಿಯಾರ ತೆಗೆದಿಡಿ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ನೆಲದಿಂದ ಮೇಲಿರಲಿ. ಪರೀಕ್ಷೆಯ ನಡುವೆ ಅದು ಒಮ್ಮೆಲೇ ಪೂರ್ಣ ವೇಗದಲ್ಲಿ ತಿರುಗಬಹುದು. ಕನೆಕ್ಟರ್ ಬಿಚ್ಚುವುದಿದ್ದರೆ ಕೀ ಆರಿಸಿ, ಎಂಸಿಬಿ ಇಳಿಸಿ, ಬ್ಯಾಟರಿಯ ಪ್ಲಗ್ ತೆಗೆಯಿರಿ. ಅಷ್ಟಾದರೂ ಕಂಟ್ರೋಲರಿನೊಳಗೆ ಕರೆಂಟು ಹಿಡಿದಿಡುವ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಕೆಲವು ನಿಮಿಷ ಬಿಟ್ಟು ಮೀಟರಿನಲ್ಲಿ ನೋಡಿಕೊಂಡೇ ಮುಟ್ಟಿ. ಮತ್ತೆ ಪ್ಲಗ್ ಹಾಕುವಾಗ ‘ಚಟ್’ ಎಂದು ಸಣ್ಣ ಕಿಡಿ ಕಂಡರೆ ಅದು ಆ ಕೆಪಾಸಿಟರ್ ತುಂಬಿಕೊಳ್ಳುವ ಸದ್ದು.

ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟ್ ಆರಿಸಿ, 60 ವೋಲ್ಟಿನ ಗಾಡಿಗೆ 200ರ ಅಳತೆ ಸರಿ. ಕೆಂಪು ಕಡ್ಡಿ ‘ವಿ’ ಗುರುತಿನ ತೂತಿನಲ್ಲೇ ಇದೆಯೇ ಎಂದು ಪ್ರತಿಸಲ ನೋಡಿ. ಆಂಪಿಯರಿನ ತೂತಿನಲ್ಲಿಟ್ಟು ಬ್ಯಾಟರಿಗೆ ಮುಟ್ಟಿಸಿದರೆ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಕೀ ತಿರುಗಿಸಿದರೂ ಏನೂ ಇಲ್ಲ

ಡ್ಯಾಷ್‌ಬೋರ್ಡ್ ಕತ್ತಲು, ಹಾರ್ನೂ ಇಲ್ಲ ಎಂದಾದರೆ ಬ್ಯಾಟರಿಯ ತುದಿಯಿಂದಲೇ ಶುರು ಮಾಡಿ. ಮೀಟರ್ ಎಷ್ಟು ತೋರಿಸಬೇಕು ಎಂಬುದು ಬ್ಯಾಟರಿಯ ಜಾತಿಯ ಮೇಲೆ ಹೋಗುತ್ತದೆ. ಸೀಸ-ಆಮ್ಲದ 60 ವೋಲ್ಟ್ ಎಂದರೆ 12 ವೋಲ್ಟಿನ ಐದು ಬ್ಯಾಟರಿಗಳು; ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಒಂದೊಂದೂ 12.7ರ ಆಸುಪಾಸು, ಒಟ್ಟು ಸುಮಾರು 63.5. ಸಾಮಾನ್ಯ ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಹಾಗಾಗಿ 13 ಸೆಲ್ಲಿನ 48 ವೋಲ್ಟ್ ಬ್ಯಾಟರಿ 54.6 ತೋರಿಸುತ್ತದೆ. ಎಲ್‌ಎಫ್‌ಪಿ ಎಂಬ ಇನ್ನೊಂದು ಬಗೆಯ ಲಿಥಿಯಂ ಸೆಲ್ಲಿನ ಸಹಜ ವೋಲ್ಟ್ 3.2. ಅದು ಬಹುಪಾಲು ಖಾಲಿಯಾಗುವವರೆಗೂ ಹೆಚ್ಚು ಕಡಿಮೆ ಅದೇ ವೋಲ್ಟಿನಲ್ಲಿರುತ್ತದೆ, ಆದ್ದರಿಂದ ಆ ಗಾಡಿಗಳಲ್ಲಿ ವೋಲ್ಟ್ ನೋಡಿ ಇನ್ನೆಷ್ಟು ಚಾರ್ಜ್ ಉಳಿದಿದೆ ಎಂದು ಹೇಳುವುದು ಕಷ್ಟ.

ಬ್ಯಾಟರಿಯ ತುದಿಯಲ್ಲೇ ಸೊನ್ನೆ ಬಂತೆಂದು ಗಾಬರಿ ಬೇಡ. ಲಿಥಿಯಂ ಬ್ಯಾಟರಿಯಲ್ಲಿ ಬಿಎಂಎಸ್ ಬಾಗಿಲು ಮುಚ್ಚಿದ್ದರೂ ಸೊನ್ನೆಯೇ ಬರುತ್ತದೆ. ಕೆಲವೊಮ್ಮೆ 30 ಅಥವಾ 40 ಎಂದು ಅರ್ಥವಿಲ್ಲದ ಅಂಕಿ ಕಾಣುತ್ತದೆ. ಬಾಗಿಲು ಮುಚ್ಚಿದ ಬಿಎಂಎಸ್ ಮೂಲಕ ಸೋರುವ ಅತ್ಯಲ್ಪ ಕರೆಂಟಿಗೆ ಮೀಟರ್ ಸ್ಪಂದಿಸಿದ್ದು ಅದು, ಸಣ್ಣ ಬಲ್ಬು ಜೋಡಿಸಿದ ಕೂಡಲೇ ಇಳಿದುಹೋಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿಗಳಲ್ಲಿ ಇದು ಸಾಮಾನ್ಯ. ಅದರದೇ ಚಾರ್ಜರ್ ಹಚ್ಚಿದರೆ ಅನೇಕ ಬಿಎಂಎಸ್‌ಗಳು ಮತ್ತೆ ಬಾಗಿಲು ತೆರೆಯುತ್ತವೆ. ತೆರೆಯದಿದ್ದರೆ ಸೆಲ್ಲುಗಳು ಸುರಕ್ಷಿತ ಮಟ್ಟಕ್ಕಿಂತ ಕೆಳಗಿಳಿದಿರಬಹುದು. ಬಿಎಂಎಸ್ ತಪ್ಪಿಸಿ ನೇರವಾಗಿ ಚಾರ್ಜ್ ತುಂಬಿಸಿ ‘ಎಬ್ಬಿಸುತ್ತೇನೆ’ ಎನ್ನುವವರ ಕೈಗೆ ಆಗ ಕೊಡಬೇಡಿ. ಹಾಗೆ ಕೆಳಗಿಳಿದ ಸೆಲ್ಲು ಚಾರ್ಜ್ ಆಗುವಾಗ ಒಳಗೇ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು.

ಬ್ಯಾಟರಿಯಲ್ಲಿ ವೋಲ್ಟ್ ಸರಿಯಿದ್ದರೆ ಮುಂದಿನ ಮೆಟ್ಟಿಲು ಎಂಸಿಬಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಯಲ್ಲೇ ಇಟ್ಟುಕೊಂಡು ಕೆಂಪು ಕಡ್ಡಿಯನ್ನು ಒಂದೊಂದೇ ಮೆಟ್ಟಿಲು ಮುಂದಕ್ಕೆ ಒಯ್ಯಿರಿ: ಎಂಸಿಬಿಯ ಒಳಬದಿ, ಹೊರಬದಿ, ಫ್ಯೂಸಿನ ಎರಡೂ ಬದಿ, ಕೀಯ ಎರಡೂ ಬದಿ. ಎಲ್ಲಿ 60 ಇದ್ದದ್ದು ಸೊನ್ನೆಯಾಯಿತೋ ಅದರ ಹಿಂದಿನ ಮೆಟ್ಟಿಲೇ ಕೆಟ್ಟಿದೆ. ಕೊನೆಯವರೆಗೂ ವೋಲ್ಟ್ ಸಿಕ್ಕರೆ ಋಣ ಬದಿಯ ತಂತಿಯನ್ನೂ ಹೀಗೇ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನ ಹೊಸತು ಹಾಕಿ. ಅದೂ ತಕ್ಷಣ ಹೋದರೆ ಮುಂದೆಲ್ಲೋ ಶಾರ್ಟ್ ಇದೆ. ತಾಮ್ರದ ಎಳೆ ಸುತ್ತಿ ಮುಂದುವರಿದರೆ ಮುಂದಿನ ಸಲ ಉರಿಯುವುದು ವಯರಿಂಗೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇನ್ನೊಂದು ಕಾರಣವನ್ನೂ ನೋಡಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಇಲಿಗಳಿಗೆ ಸೀಟಿನ ಕೆಳಗಿನ ಗೂಡು ಹೇಳಿ ಮಾಡಿಸಿದ ತಾಣ. ಕಡಿದ ತಂತಿ ಹೊರಗೆ ಕಾಣದೆ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಇರುತ್ತದೆ. ಅಡಿಕೆ ಸಿಪ್ಪೆಯ ಚೂರು, ಹಿಕ್ಕೆ ಕಂಡರೆ ಹೊದಿಕೆ ಬಿಚ್ಚಿಸಿ ನೋಡಿ.

ಲೈಟಿದೆ, ಚಕ್ರ ತಿರುಗುವುದಿಲ್ಲ

ಡ್ಯಾಷ್‌ಬೋರ್ಡ್ ಹೊತ್ತಿದೆ, ಹಾರ್ನ್ ಇದೆ, ಎಕ್ಸಲರೇಟರ್ ತಿರುಗಿಸಿದರೆ ಮಾತ್ರ ಗಾಡಿ ಕದಲುವುದಿಲ್ಲ. ಆಗ ಮೊದಲು ಹಿಂದೆ ಹೋಗಿ ಬ್ರೇಕ್ ಲೈಟ್ ನೋಡಿ. ಬ್ರೇಕ್ ಹಿಡಿದಾಗ ಮೋಟರ್ ನಿಲ್ಲಬೇಕೆಂದು ಲಿವರಿನಲ್ಲಿ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಮರಳು, ಉಪ್ಪು ಸೇರಿ ಅದು ಒತ್ತಿದಂತೆಯೇ ಅಂಟಿಕೊಂಡರೆ ಸವಾರ ಬ್ರೇಕ್ ಹಿಡಿದಿದ್ದಾನೆಂದೇ ಕಂಟ್ರೋಲರ್ ತಿಳಿಯುತ್ತದೆ. ಲಿವರ್ ಬಿಟ್ಟರೂ ಬ್ರೇಕ್ ಲೈಟ್ ಉರಿಯುತ್ತಿದ್ದರೆ ದೋಷ ಸಿಕ್ಕಿತು. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೂ ಕೆಸರು ಮೆತ್ತಿ ಹೀಗೇ ಆಗುತ್ತದೆ. ‘ಪಿ’ ಗುಂಡಿ ಇರುವ ಗಾಡಿಗಳಲ್ಲಿ ಪಾರ್ಕಿಂಗಿನಿಂದ ಹೊರಬಂದಿದೆಯೇ ಎಂಬುದನ್ನೂ ನೋಡಿಬಿಡಿ.

ಆಮೇಲೆ ಎಕ್ಸಲರೇಟರ್. ಅದಕ್ಕೆ ಮೂರು ತೆಳು ತಂತಿ: ಕಂಟ್ರೋಲರಿನಿಂದ ಬರುವ 5 ವೋಲ್ಟ್, ಋಣ ಮತ್ತು ಸಂಕೇತ. ಕೀ ಹಾಕಿ, ಕನೆಕ್ಟರ್ ಬಿಚ್ಚದೆ ಅದರ ಹಿಂಬದಿಯಿಂದ ಕಡ್ಡಿ ತೂರಿಸಿ ಅಳೆದರೆ ಸಂಕೇತದ ತಂತಿಯಲ್ಲಿ ಬಿಟ್ಟಾಗ ಸುಮಾರು 0.8ರಿಂದ 1 ವೋಲ್ಟ್, ಪೂರ್ತಿ ತಿರುಗಿಸಿದಾಗ 3.6ರಿಂದ 4.2ರ ನಡುವೆ ಬರಬೇಕು. ಏರಿಕೆ ಸಮನಾಗಿರಬೇಕು, ನಡುವೆ ನೆಗೆಯಬಾರದು. ಋಣ ತಂತಿ ಕಡಿದುಹೋದರೆ ಸಂಕೇತ ತಾನಾಗಿಯೇ ಮೇಲೇರಿ ಪೂರ್ತಿ ಎಕ್ಸಲರೇಟರ್ ಕೊಟ್ಟಂತೆ ಆಗಬಹುದು. ಅನೇಕ ಕಂಟ್ರೋಲರುಗಳು ಇದನ್ನು ಗುರುತಿಸಿ ನಿಲ್ಲುತ್ತವೆ, ಎಲ್ಲವೂ ಅಲ್ಲ. ಚಕ್ರ ನೆಲದಿಂದ ಮೇಲಿರಲಿ ಎಂದದ್ದು ಈ ಕಾರಣಕ್ಕೂ ಹೌದು.

5 ವೋಲ್ಟೇ ಇಲ್ಲವೆಂದಾದರೆ ಕಂಟ್ರೋಲರ್ ಸುಟ್ಟಿದೆ ಎಂದು ತೀರ್ಮಾನಿಸುವುದಕ್ಕೆ ಮುಂಚೆ ಒಂದು ಪರೀಕ್ಷೆ ಬಾಕಿಯಿದೆ. ಸಾಮಾನ್ಯವಾಗಿ ಎಕ್ಸಲರೇಟರಿಗೂ ಮೋಟರಿನ ಹಾಲ್ ಸೆನ್ಸರಿಗೂ ಹೋಗುವುದು ಒಂದೇ 5 ವೋಲ್ಟ್. ಇಬ್ಬರಲ್ಲಿ ಒಬ್ಬರು ಶಾರ್ಟ್ ಆದರೂ ಇಬ್ಬರಿಗೂ ಕರೆಂಟಿಲ್ಲ. ಕೀ ಆರಿಸಿ ಹಾಲ್ ಕನೆಕ್ಟರ್ ಬಿಚ್ಚಿ, ಮತ್ತೆ ಕೀ ಹಾಕಿ ಅಳೆಯಿರಿ. 5 ವೋಲ್ಟ್ ಮರಳಿ ಬಂದರೆ ಮೋಟರಿನ ಬದಿ ತಪ್ಪು, ಕಂಟ್ರೋಲರ್ ಗಟ್ಟಿಯಾಗಿದೆ.

ಹಾಲ್ ಸೆನ್ಸರ್ ನೋಡಲು ಕೀ ಹಾಕಿಟ್ಟು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಮೂರೂ ಸಂಕೇತ ತಂತಿಗಳಲ್ಲಿ ವೋಲ್ಟ್ ಸೊನ್ನೆಗೂ ಐದರ ಹತ್ತಿರಕ್ಕೂ ಹೋಗಿಬಂದು ಮಾಡಬೇಕು. ಒಂದು ಕದಲದೆ ನಿಂತರೆ ಆ ಸೆನ್ಸರ್ ಅಥವಾ ಅದರ ತಂತಿ ಹೋಗಿದೆ. ಇಂಥ ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ, ಕೆಲವು ಸಲ ಕಾಲಿನಿಂದ ತಳ್ಳಿದರೆ ಓಡತೊಡಗುತ್ತದೆ. ಮೂರು ದಪ್ಪ ತಂತಿಗಳಲ್ಲಿ ಒಂದು ಬಿಟ್ಟುಹೋದರೂ ಲಕ್ಷಣ ಹೆಚ್ಚು ಕಡಿಮೆ ಹೀಗೇ, ಹಾಗಾಗಿ ಎರಡನ್ನೂ ನೋಡಬೇಕು.

ಕೀ ಆರಿಸಿದಾಗಲೂ ಚಕ್ರ ಬಿಗಿಯಾಗಿ, ತಡೆತಡೆದು ತಿರುಗುತ್ತಿದೆಯೇ? ಬ್ಯಾಟರಿ ತೆಗೆದು ಆ ಮೂರು ದಪ್ಪ ತಂತಿಗಳನ್ನು ಕಂಟ್ರೋಲರಿನಿಂದ ಬಿಚ್ಚಿ, ಒಂದಕ್ಕೊಂದು ತಾಗದಂತೆ ಬಿಡಿ. ಚಕ್ರ ಸಲೀಸಾದರೆ ಕಂಟ್ರೋಲರ್ ಒಳಗೆ ಶಾರ್ಟ್ ಆಗಿದೆ. ಬಿಗಿ ಹಾಗೇ ಉಳಿದರೆ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ನೋಡಿ, ಅದೂ ಅಲ್ಲವಾದರೆ ಮೋಟರಿನ ತಂತಿಗಳು ಎಲ್ಲೋ ಒಂದಕ್ಕೊಂದು ತಾಗಿವೆ.

ಹಾಗೆ ತಾಗುವ ಜಾಗ ಬಹುಮಟ್ಟಿಗೆ ಒಂದೇ. ಮೋಟರಿನ ತಂತಿಗಳೆಲ್ಲ ಚಕ್ರದ ಆಕ್ಸಲಿನ ತೂತಿನಿಂದ ಹೊರಬರುತ್ತವೆ. ಪಂಕ್ಚರ್ ಹಾಕಿಸಲು ಚಕ್ರ ಬಿಚ್ಚಿದವರು ಆಕ್ಸಲ್ ತಿರುಗದಂತೆ ಹಿಡಿಯುವ ವಾಷರನ್ನು ಸರಿಯಾಗಿ ಕೂರಿಸದಿದ್ದರೆ ಆಕ್ಸಲೇ ತಿರುಗಿ ತಂತಿಗಳನ್ನು ಹಿಂಡಿಬಿಡುತ್ತದೆ. ಪಂಕ್ಚರ್ ಆದ ಕೆಲವೇ ದಿನಗಳಲ್ಲಿ ಮೋಟರ್ ಕೈಕೊಟ್ಟರೆ ಮೊದಲು ಇಲ್ಲಿಗೇ ಟಾರ್ಚ್ ಬಿಡಿ. ತಂತಿ ಆಕ್ಸಲಿನಿಂದ ಹೊರಬಂದ ಕೂಡಲೇ ಮೇಲಕ್ಕೆ ಹೋಗದೆ ಒಮ್ಮೆ ಕೆಳಗೆ ಬಾಗಿ ಆಮೇಲೆ ಏರುವಂತಿರಬೇಕು. ಆಗ ತಂತಿಯ ಮೇಲೆ ಹರಿದು ಬಂದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಇಲ್ಲವಾದರೆ ನೇರ ಮೋಟರಿನೊಳಗೆ ಇಳಿಯುತ್ತದೆ.

ಉಪ್ಪು ಜೋಡಣೆಗೆ ಮಾಡುವುದೇನು

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರಾಡುವುದು ಕರಾವಳಿಯವರಿಗೆಲ್ಲ ಗೊತ್ತು. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೂ ಬೇಡ. ಅಂದರೆ ಕಾರವಾರದ ಕೋಡಿಬಾಗಿನಲ್ಲೋ ಬೈತಖೋಲಿನಲ್ಲೋ ನಿಲ್ಲಿಸಿಟ್ಟ ಗಾಡಿಯ ಕನೆಕ್ಟರಿನ ಮೇಲೆ ಕೂತ ಉಪ್ಪಿನ ಪದರ, ಮಳೆಯ ಒಂದು ಹನಿ ಬೀಳದಿದ್ದರೂ ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ.

ಉಪ್ಪುನೀರು ಕರೆಂಟನ್ನು ಒಯ್ಯುತ್ತದೆ. ಧನ ಮತ್ತು ಋಣ ಪಿನ್ನುಗಳ ನಡುವೆ ಆ ಒದ್ದೆ ಪದರದಲ್ಲಿ ಸಣ್ಣ ಕರೆಂಟು ಸದಾ ಹರಿಯುತ್ತಿದ್ದರೆ ಧನ ಪಿನ್ನಿನ ಲೋಹ ಕರಗಿ ಸವೆಯುತ್ತದೆ. ಬ್ಯಾಟರಿ ಜೋಡಿಸಿಯೇ ಇರುವುದರಿಂದ ಗಾಡಿ ನಿಂತಿರುವಾಗಲೂ ಇದು ನಡೆಯುತ್ತದೆ. ಹೊರಗೆ ಕಾಣುವ ಹಸಿರು ಕಿಲುಬು ಅದರ ಗುರುತು. ಮೀನಿನ ಪೆಟ್ಟಿಗೆ ಇಟ್ಟು ಓಡಿಸುವ ಗಾಡಿಗಳಲ್ಲಿ ಮಂಜುಗಡ್ಡೆ ಕರಗಿದ ನೀರು ಕಾಲಿಡುವ ಹಲಗೆಯ ಸಂದಿಯಲ್ಲಿ ಇಳಿಯುತ್ತದೆ, ಎಷ್ಟೋ ಮಾದರಿಗಳಲ್ಲಿ ಬ್ಯಾಟರಿ ಇರುವುದು ಆ ಹಲಗೆಯ ಕೆಳಗೇ.

ಕಿಲುಬು ಹಿಡಿದ ಜೋಡಣೆಯ ರೋಧ 0.05 ಓಮ್ ಎಂದಿಟ್ಟುಕೊಳ್ಳಿ. ತೀರಾ ಸಣ್ಣ ಸಂಖ್ಯೆ, ಸಾಧಾರಣ ಮೀಟರ್ ಇದನ್ನು ನಂಬುವಂತೆ ತೋರಿಸಲಾರದು. ಆದರೆ ಏರಿನಲ್ಲಿ 40 ಆಂಪಿಯರ್ ಹರಿದಾಗ ಅಲ್ಲಿ 2 ವೋಲ್ಟ್ ಬಿದ್ದುಹೋಗುತ್ತದೆ, ಆ ಪುಟ್ಟ ಪಿನ್ನಿನಲ್ಲಿ 80 ವ್ಯಾಟ್ ಶಾಖ ಹುಟ್ಟುತ್ತದೆ. ಕರೆಂಟು ಅರ್ಧಕ್ಕೆ ಇಳಿದು 20 ಆಂಪಿಯರ್ ಆದರೆ ಶಾಖ ಅರ್ಧವಾಗದೆ ಕಾಲು ಭಾಗಕ್ಕೆ, 20 ವ್ಯಾಟಿಗೆ ಇಳಿಯುತ್ತದೆ. ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡಿದ ಗಾಡಿ ಏರಿನಲ್ಲಿ ಕನೆಕ್ಟರ್ ಸುಟ್ಟುಕೊಳ್ಳುವುದು ಹೀಗೆ. ಶಾಖಕ್ಕೆ ಪಿನ್ನಿನ ಹಿಡಿತ ಸಡಿಲವಾಗಿ ರೋಧ ಇನ್ನೂ ಏರುತ್ತದೆ, ಪ್ಲಾಸ್ಟಿಕ್ ಕಂದಾಗಿ ಕರಗುತ್ತದೆ.

ಆದ್ದರಿಂದ ಪರೀಕ್ಷೆ ಹೀಗಿರಲಿ. ಒಂದು ಏರು ಹತ್ತಿಸಿ ಬಂದು ಕೀ ಆರಿಸಿ, ಸೀಟೆತ್ತಿ, ಬ್ಯಾಟರಿ ಪ್ಲಗ್, ಎಂಸಿಬಿಯ ಸ್ಕ್ರೂ, ಕಂಟ್ರೋಲರಿನ ದಪ್ಪ ತಂತಿಗಳ ಜೋಡಣೆಗಳ ಪ್ಲಾಸ್ಟಿಕ್ ಹೊದಿಕೆಯ ಹತ್ತಿರ ಕೈಯ ಹಿಂಬದಿ ಒಯ್ದು ನೋಡಿ. ತಂತಿಗಿಂತ ಜೋಡಣೆ ಹೆಚ್ಚು ಬಿಸಿಯಿದ್ದರೆ ಅದೇ ಅಪರಾಧಿ.

ಶುಚಿ ಮಾಡುವಾಗಲೂ ಒಂದು ಸೂಕ್ಷ್ಮವಿದೆ. ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಜಿಡ್ಡು, ಕೊಳೆ ತೆಗೆಯುತ್ತದೆಯೇ ಹೊರತು ಉಪ್ಪು ಅದರಲ್ಲಿ ಕರಗುವುದಿಲ್ಲ. ಬ್ಯಾಟರಿ ಕಳಚಿಟ್ಟು, ಗಾಡಿಯ ಬದಿಯ ಕನೆಕ್ಟರನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಆಮೇಲೆ ಸ್ಪ್ರೇ ಹೊಡೆದು ಸಣ್ಣ ಬ್ರಷ್ಷಿನಿಂದ ಉಜ್ಜಿ. ಜೋಡಿಸಿದ ಮೇಲೆ ಹೊರಗಿನಿಂದ ನೀರು ನುಗ್ಗದಂತೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಕರಗಿದ, ಕಪ್ಪಾದ ಪಿನ್ನನ್ನು ಉಜ್ಜಿ ಉಪಯೋಗವಿಲ್ಲ, ಅದೇ ಆಂಪಿಯರಿನ ಹೊಸ ಕನೆಕ್ಟರ್ ಹಾಕಿಸಿ. ಗಾಡಿ ತೊಳೆಯಲು ಪ್ರೆಷರ್ ಪಂಪು ಬೇಡವೇ ಬೇಡ. ಬ್ಯಾಟರಿಯ ಮೇಲೆ ಐಪಿ67 ಎಂದು ಬರೆದಿದ್ದರೆ ಅದು ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುವ ಭರವಸೆ. ರಭಸದ ನೀರಿನ ಧಾರೆಗಾಗಲಿ, ವರ್ಷಗಟ್ಟಲೆಯ ಉಪ್ಪಿಗಾಗಲಿ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಚಾರ್ಜ್ ಆಗದಿದ್ದರೆ

ಚಾರ್ಜರಿನ ದೀಪವೇ ಅರ್ಧ ಕಥೆ ಹೇಳುತ್ತದೆ. ದೀಪವೇ ಇಲ್ಲದಿದ್ದರೆ ಗೋಡೆಯ ಪ್ಲಗ್ಗು ಅಥವಾ ಚಾರ್ಜರಿನೊಳಗಿನ ಫ್ಯೂಸು. ಬ್ಯಾಟರಿ ಖಾಲಿಯಿದ್ದರೂ ಹಚ್ಚಿದ ಕೂಡಲೇ ಹಸಿರು ಬಂದರೆ ಚಾರ್ಜರಿಗೆ ಬ್ಯಾಟರಿ ಕಾಣುತ್ತಿಲ್ಲ. ಚಾರ್ಜಿಂಗ್ ಪಿನ್ನು, ಆ ದಾರಿಯ ಫ್ಯೂಸು, ಕೊನೆಗೆ ಬಿಎಂಎಸ್ ನೋಡಿ. ಗಂಟೆಗಟ್ಟಲೆ ಕೆಂಪು ಆರದೇ ಇದ್ದರೆ ಒಂದು ಸೆಲ್ಲು ಉಳಿದವುಗಳ ಜೊತೆ ತುಂಬುತ್ತಿಲ್ಲದಿರಬಹುದು.

ಚಾರ್ಜರ್ ಹಾಕಿದಾಗ, ಕರೆಂಟು ಸೋರಿದರೆ ತಾನೇ ಬೀಳುವ ಮನೆಯ ಕಾವಲು ಸ್ವಿಚ್ಚು ಆರ್‌ಸಿಸಿಬಿ ಬೀಳುತ್ತಿದೆ ಎಂದಾದರೆ ಅದು ಹೆಸ್ಕಾಂ ಲೈನಿನ ತಪ್ಪಲ್ಲ. ಎಲ್ಲೋ ತೇವದ ಮೂಲಕ ಕರೆಂಟು ಭೂಮಿಗೆ ಸೋರುತ್ತಿದೆ, ಆರ್‌ಸಿಸಿಬಿ ನಿಮ್ಮನ್ನು ಕಾಯುತ್ತಿದೆ. ಮೂರನೆಯ ಪಿನ್ನು ಮುರಿದು ಎರಡು ಪಿನ್ನಿನ ಬೋರ್ಡಿಗೆ ಹಾಕುವುದು ಆ ಕಾವಲನ್ನೇ ಕಿತ್ತ ಹಾಗೆ. ಒದ್ದೆ ಕೈ, ಒದ್ದೆ ನೆಲ, ಸೂರಿನಿಂದ ನೀರು ಸಿಡಿಯುವ ಜಗುಲಿಯ ಅಂಚು ಚಾರ್ಜಿಂಗಿಗೆ ಆಗದು.

ದೇವಿಮನೆ ಘಟ್ಟ ಹತ್ತುವಾಗ

ಕುಮಟಾದಿಂದ ಹೊರಟು ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಾಗ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಏರಿರುತ್ತೇವೆ. ಗಾಡಿ, ಸವಾರ ಸೇರಿ 180 ಕಿಲೋ ಎಂದರೆ ಅಷ್ಟು ಭಾರವನ್ನು ಅಷ್ಟೆತ್ತರ ಎತ್ತಲು ಸುಮಾರು 295 ವ್ಯಾಟ್-ಅವರ್ (ಒಂದು ವ್ಯಾಟ್ ಶಕ್ತಿ ಒಂದು ಗಂಟೆ ಮಾಡುವ ಕೆಲಸದ ಅಳತೆ) ಬೇಕು. ಮೋಟರ್, ಕಂಟ್ರೋಲರಿನ ನಷ್ಟ ಸೇರಿಸಿದರೆ 370ರ ಹತ್ತಿರ. 60 ವೋಲ್ಟ್, 30 ಆಂಪಿಯರ್-ಅವರಿನ ಬ್ಯಾಟರಿ ಹಿಡಿಯುವುದು 60 ಗುಣಿಸು 30, ಅಂದರೆ 1800 ವ್ಯಾಟ್-ಅವರ್. ಐದರಲ್ಲೊಂದು ಭಾಗ ಬರೀ ಎತ್ತರಕ್ಕೇ ಹೋಯಿತು, ದೂರದ ಲೆಕ್ಕ ಬೇರೆ. ಹಿಂದೊಬ್ಬರು ಕೂತು ಭಾರ 250 ಕಿಲೋ ಆದರೆ ಕಾಲು ಭಾಗಕ್ಕೂ ಮೀರುತ್ತದೆ. ಅಂಕೋಲಾದಲ್ಲಿ ಕಂಪನಿ ಹೇಳಿದಷ್ಟು ಕಿಲೋಮೀಟರ್ ಕೊಟ್ಟ ಗಾಡಿ ಘಟ್ಟದಲ್ಲಿ ಕೊಡದಿದ್ದರೆ ಅದು ದೋಷವಲ್ಲ.

ಶಕ್ತಿಯ ಲೆಕ್ಕ ಇನ್ನೂ ಕಠಿಣ. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಅದೇ 180 ಕಿಲೋವನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಒಯ್ಯಲು ಏರಿಗೇ ಸುಮಾರು 980 ವ್ಯಾಟ್ ಬೇಕು, ಗಾಳಿ ಮತ್ತು ಟೈರಿನ ತಡೆ ಅದರ ಮೇಲೆ. 250 ವ್ಯಾಟಿನ ಗಾಡಿ ಘಟ್ಟಕ್ಕೆ ಮಾಡಿದ್ದಲ್ಲ ಎಂಬುದು ಇಲ್ಲೇ ಸ್ಪಷ್ಟ.

ಘಟ್ಟದಲ್ಲಿ ನಿಂತ ಗಾಡಿ ನಿಂತ ರೀತಿಯನ್ನು ಗಮನಿಸಿ. ನಿಧಾನವಾಗಿ ಬಲ ಕಳೆದುಕೊಂಡು ನಿಂತು, ಇಪ್ಪತ್ತು ಮೂವತ್ತು ನಿಮಿಷ ತಣ್ಣಗಾದ ಮೇಲೆ ಮತ್ತೆ ಓಡಿದರೆ ಮೋಟರ್ ಅಥವಾ ಕಂಟ್ರೋಲರ್ ಶಾಖದಿಂದ ತನ್ನನ್ನು ಕಾಪಾಡಿಕೊಂಡಿದೆ. ಒಮ್ಮೆಲೇ ಎಲ್ಲ ಆರಿ, ಕೀ ತೆಗೆದು ಹಾಕಿದ ಕೂಡಲೇ ಜೀವ ಬಂದರೆ ಬಿಎಂಎಸ್ ಬಾಗಿಲು ಮುಚ್ಚಿತ್ತು; ಹೆಚ್ಚು ಕರೆಂಟು ಎಳೆದಾಗ ಯಾವುದೋ ದುರ್ಬಲ ಸೆಲ್ಲಿನ ವೋಲ್ಟ್ ಕುಸಿದಿರಬಹುದು. ಹೊಂಡಕ್ಕೆ ಬಿದ್ದಾಗ ಆರಿದರೆ ಸಡಿಲ ಜೋಡಣೆ. ಮಳೆಯಲ್ಲಿ ಕೈಕೊಟ್ಟು ಬಿಸಿಲಿಗೆ ಸರಿಯಾದರೆ ಎಕ್ಸಲರೇಟರಿನಲ್ಲೋ ಹಾಲ್ ಕನೆಕ್ಟರಿನಲ್ಲೋ ನೀರು. ಗ್ಯಾರೇಜಿಗೆ ಒಯ್ದಾಗ ‘ನಿಂತುಹೋಯ್ತು’ ಎನ್ನುವ ಬದಲು ಇದನ್ನು ಹೇಳಿದರೆ ಮೆಕ್ಯಾನಿಕ್ಕಿನ ಅರ್ಧ ದಿನ ಉಳಿಯುತ್ತದೆ.

ಬ್ಯಾಟರಿಯೇ ಎಂದು ಖಚಿತವಾದಾಗ

ಜೋಡಣೆಗಳೆಲ್ಲ ಶುಚಿಯಾಗಿದ್ದು, ನಿಂತಾಗ ಪೂರಾ ವೋಲ್ಟ್ ಇದ್ದು, ಓಡುವಾಗ ಬ್ಯಾಟರಿಯ ತುದಿಯಲ್ಲೇ ವೋಲ್ಟ್ ಕುಸಿದರೆ ಆಗ ಬ್ಯಾಟರಿಯನ್ನು ದೂರಬಹುದು. ಸೀಸ-ಆಮ್ಲದ್ದಾದರೆ ಗಾಡಿ ಬಲಗುಂದಿದ ಕೂಡಲೇ ಐದನ್ನೂ ಬೇರೆ ಬೇರೆ ಅಳೆಯಿರಿ. ನಾಲ್ಕು 12ರ ಹತ್ತಿರ ಇದ್ದು ಒಂದು ಮಾತ್ರ 10ಕ್ಕೆ ಇಳಿದಿದ್ದರೆ ಸಾಲನ್ನು ಎಳೆದು ಬೀಳಿಸುತ್ತಿರುವುದು ಅದು. ಲಿಥಿಯಂ ಪೆಟ್ಟಿಗೆಯನ್ನು ಮನೆಯಲ್ಲಿ ತೆರೆಯಲೇಬಾರದು. ಉಬ್ಬಿದರೆ, ಸಿಹಿ ವಾಸನೆ ಬಂದರೆ, ಸುಮ್ಮನಿದ್ದಾಗಲೂ ಬಿಸಿಯಾದರೆ, ಬುಸ್ಸೆಂಬ ಸದ್ದು ಕೇಳಿದರೆ ದೂರ ಸರಿದು 112ಕ್ಕೆ ಕರೆ ಮಾಡಿ.

ನೆರೆಯ ನೀರಿನಲ್ಲಿ, ಅದರಲ್ಲೂ ಅಘನಾಶಿನಿ, ಕಾಳಿಯ ಅಳಿವೆಯ ಉಪ್ಪುನೀರಿನಲ್ಲಿ ಮುಳುಗಿದ ಗಾಡಿಗೆ ವಿಶೇಷ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫ್ಲೋರಿಡಾಕ್ಕೆ ಇಯಾನ್ ಚಂಡಮಾರುತ ಅಪ್ಪಳಿಸಿದಾಗ ಸಮುದ್ರದ ನೀರಿನಲ್ಲಿ ಮುಳುಗಿದ್ದ ಕೆಲವು ವಿದ್ಯುತ್ ವಾಹನಗಳು ದಿನಗಳು ಕಳೆದ ಮೇಲೆ ಬೆಂಕಿ ಹಿಡಿದವು. ಒಳಗುಳಿದ ಉಪ್ಪು ಸೆಲ್ಲುಗಳ ನಡುವೆ ನಿಧಾನವಾಗಿ ದಾರಿ ಮಾಡಿಕೊಳ್ಳುತ್ತದೆ. ಮುಳುಗಿದ ಗಾಡಿಯನ್ನು ಒಣಗಿತೆಂದು ಚಾರ್ಜಿಗೆ ಹಾಕಬೇಡಿ. ಮನೆಯ ಗೋಡೆ, ಹುಲ್ಲಿನ ಬಣವೆ, ಕೊಟ್ಟಿಗೆಯಿಂದ ದೂರ ಬಯಲಿನಲ್ಲಿ ನಿಲ್ಲಿಸಿ, ತಿಳಿದವರು ಬ್ಯಾಟರಿ ಪರೀಕ್ಷಿಸುವ ತನಕ ಅಲ್ಲೇ ಇರಲಿ.

ಹೊಸ ಬ್ಯಾಟರಿ ಕೊಳ್ಳುವಾಗ ಅದು ಎಐಎಸ್-156 ಮಾನದಂಡಕ್ಕೆ ಹೊಂದುತ್ತದೆಯೇ ಎಂದು ಕೇಳಿ. ದ್ವಿಚಕ್ರ ವಾಹನಗಳ ಬ್ಯಾಟರಿ ಸುರಕ್ಷತೆಯ ಆ ಬಿಗಿಯಾದ ನಿಯಮಗಳು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಗೆ ಬಂದವು. ಸೀಸ-ಆಮ್ಲ ತೆಗೆದು ಲಿಥಿಯಂ ಹಾಕಿಸುವವರು ಚಾರ್ಜರನ್ನೂ ಬದಲಿಸಲೇಬೇಕು. ಎರಡರ ಮೇಲೂ 60 ವೋಲ್ಟ್ ಎಂದೇ ಬರೆದಿರುತ್ತದೆ. ಆದರೆ ಸೀಸ-ಆಮ್ಲದ ಚಾರ್ಜರ್ 73 ವೋಲ್ಟಿನ ಆಸುಪಾಸಿನವರೆಗೆ ಏರಿಸುತ್ತದೆ, 16 ಸೆಲ್ಲಿನ ಲಿಥಿಯಂ ಬ್ಯಾಟರಿಯ ಮಿತಿ 67.2. ಪ್ಲಗ್ಗೂ ಒಂದೇ ತರಹ ಇರುವುದರಿಂದ ಮನೆಯಲ್ಲಿ ಯಾರಾದರೂ ತಿಳಿಯದೆ ಹಳೆಯದನ್ನೇ ಹಚ್ಚಿಬಿಡಬಹುದು. ಹೊಸ ಬ್ಯಾಟರಿ ತಂದ ದಿನವೇ ಹಳೆ ಚಾರ್ಜರನ್ನು ಅಂಗಡಿಗೆ ಕೊಟ್ಟು ಬನ್ನಿ.